ಹೋಂವರ್ಕ್ ಮಗುವಿನದು: 1ರಿಂದ 5ನೇ ತರಗತಿ ಮಕ್ಕಳ ತಂದೆ-ತಾಯಿಗೆ ಒಂದು ಮಾರ್ಗದರ್ಶಿ

ಮೂರನೇ ತರಗತಿಯ ಹುಡುಗ ಹತ್ತು ಕಳೆಯುವ ಲೆಕ್ಕ ಮಾಡಿಕೊಂಡು ಬಂದಿದ್ದಾನೆ. ಹತ್ತೂ ಸರಿ. ಅಕ್ಕೋರು (ಶಿಕ್ಷಕಿ) ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆ ಹತ್ತರಲ್ಲಿ ಆರನ್ನು ಅಣ್ಣ ಹೇಳಿಕೊಟ್ಟದ್ದು, ಎರಡನ್ನು ಅವ್ವ ಅಳಿಸಿ ತಿದ್ದಿಸಿದ್ದು ಅವರಿಗೆ ತಿಳಿಯುವುದಿಲ್ಲ. ಎರಡು ತಿಂಗಳು ಬಿಟ್ಟು ಭಾಗಾಕಾರ ಶುರುವಾದಾಗ ಹುಡುಗ ಅಲ್ಲೇ ನಿಲ್ಲುತ್ತಾನೆ. ಯಾಕೆ ನಿಂತ ಅನ್ನುವುದು ಆಗ ಯಾರಿಗೂ ಹೊಳೆಯುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಕ್ಕಳ ಓದಿನ ಬಗ್ಗೆ ಕಾಳಜಿ ಇಲ್ಲದ ಮನೆಗಳು ಕಡಿಮೆ. ಕಾಳಜಿ ಇದ್ದೂ ಅದು ಯಾವ ಕಡೆ ಹರಿಯಬೇಕು ಅನ್ನುವುದರಲ್ಲಿ ಗೊಂದಲವಿದೆ. ಓದು ಬಲ್ಲ ತಂದೆ-ತಾಯಿ ತಾವೇ ಬರೆದುಕೊಡುವಷ್ಟು ಮುಂದೆ ಹೋಗುತ್ತಾರೆ. ಓದು ಬಾರದವರು ‘ನಮಗೇನು ತಿಳಿತೈತ್ರಿ’ ಎಂದು ಪೂರ್ತಿ ಹಿಂದೆ ಸರಿಯುತ್ತಾರೆ. ಎರಡೂ ಬೇಡ. ಸಹಿ ಹಾಕಲೂ ಬಾರದ ಅವ್ವ ಕೂಡ ಮಗುವಿನ ಹೋಂವರ್ಕಿಗೆ ಪೂರ್ತಿ ನೆರವಾಗಬಹುದು. ಹೇಗೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳಿದೆ.

ಹೋಂವರ್ಕ್ ಕೊಡುವುದು ಯಾಕೆ

ಮೊದಲನೆಯದು, ಶಾಲೆಯಲ್ಲಿ ತಿಳಿದದ್ದನ್ನು ಮರೆಯುವ ಮುಂಚೆ ಇನ್ನೊಮ್ಮೆ ನೆನಪಿಗೆ ತಂದುಕೊಳ್ಳಲು. ಬೆಳಿಗ್ಗೆ ಕಲಿತದ್ದು ಸಂಜೆಗೆ ಅರ್ಧ ಮಸುಕಾಗಿರುತ್ತದೆ. ಆ ಹೊತ್ತಿನಲ್ಲಿ ಮಗು ತಾನೇ ಕಷ್ಟಪಟ್ಟು ನೆನಪಿಸಿಕೊಂಡರೆ ಅದು ತಲೆಯಲ್ಲಿ ಕೂರುತ್ತದೆ. ಪುಸ್ತಕ ನೋಡಿ ನಕಲು ಮಾಡಿದರೆ ಕೈಗೆ ಕೆಲಸ ಆಗುತ್ತದೆ, ತಲೆಗೆ ಆಗುವುದಿಲ್ಲ.

ಎರಡನೆಯದು, ಮಗುವಿಗೆ ಎಲ್ಲಿ ತಿಳಿದಿಲ್ಲ ಅನ್ನುವುದು ಶಿಕ್ಷಕರಿಗೆ ಗೊತ್ತಾಗಲು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಲು ಪುರುಸೊತ್ತು ಸಿಗುವುದಿಲ್ಲ. ನೋಟ್‌ಬುಕ್ಕಿನಲ್ಲಿರುವ ತಪ್ಪೇ ಅವರಿಗೆ ಸುದ್ದಿ ಮುಟ್ಟಿಸುತ್ತದೆ. ಆ ತಪ್ಪನ್ನು ಮನೆಯಲ್ಲೇ ರಬ್ಬರಿನಿಂದ ಅಳಿಸಿಬಿಟ್ಟರೆ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ. ಹೋಂವರ್ಕಿನ ವಿಷಯದಲ್ಲಿ ಮನೆಯವರು ಮಾಡುವ ಅತಿ ದೊಡ್ಡ ಹಾನಿ ಇದು, ಮತ್ತು ಎಲ್ಲರೂ ಇದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ.

ಮೂರನೆಯದು, ಯಾರೂ ಬೆನ್ನು ಹತ್ತದೆ ಒಂದಿಷ್ಟು ಹೊತ್ತು ತಾನೇ ಕೂತು ಒಂದು ಕೆಲಸ ಮುಗಿಸುವ ರೂಢಿ. ಚಿಕ್ಕ ತರಗತಿಯಲ್ಲಿ ಅಂಕಕ್ಕಿಂತ ಇದೇ ಮುಖ್ಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹೋಂವರ್ಕ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಹೋಂವರ್ಕಿಗೂ ಅಂಕಕ್ಕೂ ಇರುವ ನಂಟು 7ನೇ ತರಗತಿ ಮತ್ತು ಅದರ ಮೇಲಿನವರಲ್ಲಿ ಗಟ್ಟಿ, ಅದರ ಕೆಳಗಿನವರಲ್ಲಿ ತೆಳು ಎಂದು ಕಂಡುಬಂದಿತ್ತು. ಹಾಗಾಗಿ ಎರಡನೇ ತರಗತಿಯ ಮಗು ದಿನಕ್ಕೆ ಹತ್ತು ಪುಟ ಬರೆದರೆ ಜಾಣನಾಗುತ್ತದೆ ಅನ್ನುವ ನಂಬಿಕೆಗೆ ಆಧಾರವಿಲ್ಲ.

ಶಾಲೆಯಲ್ಲಿ ಮುಗಿಯದ ಪಾಠವನ್ನು ಮನೆಯಲ್ಲಿ ಮುಗಿಸಲು, ಗಲಾಟೆ ಮಾಡಿದ್ದಕ್ಕೆ ನೂರು ಸಲ ಬರೆಸಲು ಹೋಂವರ್ಕ್ ಬಳಕೆಯಾಗಬಾರದು. ಬರೆಯುವುದೇ ಶಿಕ್ಷೆಯಾದರೆ ಮಗು ಬರವಣಿಗೆಯನ್ನೇ ದ್ವೇಷಿಸಲು ಕಲಿಯುತ್ತದೆ.

ಎಷ್ಟು ಹೊತ್ತು

2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಇದನ್ನು ಸ್ಪಷ್ಟವಾಗಿ ಹೇಳಿದೆ. 1 ಮತ್ತು 2ನೇ ತರಗತಿಗೆ ಹೋಂವರ್ಕ್ ಇಲ್ಲ. 3ರಿಂದ 5ರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. 6ರಿಂದ 8ಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ವಾರಕ್ಕೆ 2 ಗಂಟೆ ಅಂದರೆ ಐದು ದಿನಕ್ಕೆ ಹಂಚಿದರೆ ದಿನಕ್ಕೆ 24 ನಿಮಿಷ. ಅರ್ಧ ಗಂಟೆ ಅಂತಲೇ ಇಟ್ಟುಕೊಳ್ಳಿ.

ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿವರೆಗೆ ನಲಿ-ಕಲಿ ಪದ್ಧತಿ. ಕಾರ್ಡು, ಚಟುವಟಿಕೆ, ಅಭ್ಯಾಸ ಹಾಳೆಯಲ್ಲೇ ಬಹುಪಾಲು ಕಲಿಕೆ ನಡೆಯುತ್ತದೆ. ‘ಏನೂ ಬರೆಯಾಕ ಕೊಡೂದಿಲ್ಲ, ಸಾಲಿ ಸರಿ ಇಲ್ಲ’ ಎಂದು ಮಗುವನ್ನು ಬಿಡಿಸಿಕೊಂಡು ಹೋಗುವವರಿದ್ದಾರೆ. ಬರೆಯಲು ಕೊಡದೇ ಇರುವುದು ಶಾಲೆಯ ಸೋಮಾರಿತನ ಅಲ್ಲ, ಆ ವಯಸ್ಸಿಗೆ ಅದೇ ಸರಿಯಾದ ಕ್ರಮ. ಇನ್ನೊಂದು ಕಡೆ ಪಟ್ಟಣಗಳ ಕೆಲವು ಖಾಸಗಿ ಶಾಲೆಗಳಲ್ಲಿ ಎಲ್‌ಕೆಜಿ ಮಗು ರಾತ್ರಿ ಒಂಬತ್ತರವರೆಗೆ ಬರೆಯುತ್ತದೆ. ನಾಲ್ಕೂವರೆ ವರ್ಷದ ಕೈಯ ಸ್ನಾಯು ಅಷ್ಟು ಬರೆಯುವಷ್ಟು ಬಲಿತಿರುವುದಿಲ್ಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು, ಹಾಳೆ ಹರಿಯುವಷ್ಟು ಒತ್ತಿ ಬರೆಯುವುದು ಅಲ್ಲಿಂದಲೇ ಶುರುವಾಗುತ್ತದೆ.

ಪಾಟಿಚೀಲದ ತೂಕಕ್ಕೂ ಹೋಂವರ್ಕಿಗೂ ಸಂಬಂಧವಿದೆ. 2019ರ ರಾಜ್ಯ ಸರ್ಕಾರದ ಆದೇಶದ ಪ್ರಕಾರ 1-2ನೇ ತರಗತಿಗೆ ಚೀಲ 2 ಕೆಜಿ, 3-5ಕ್ಕೆ 3 ಕೆಜಿ ದಾಟಬಾರದು. ಒಂದು ದಿನ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿ. ಐದು ಕೆಜಿ ಬಂದರೆ ಅದರಲ್ಲಿ ಆ ದಿನಕ್ಕೆ ಬೇಡವಾದ ಪುಸ್ತಕಗಳಿವೆ ಎಂದೇ ಅರ್ಥ.

ಹೊತ್ತು, ಜಾಗ, ಬೆಳಕು

ಶಾಲೆಯಿಂದ ಬಂದ ತಕ್ಷಣ ಕೂರಿಸಬೇಡಿ. ಕೈಕಾಲು ಮುಖ ತೊಳೆದು, ಏನಾದರೂ ತಿಂದು, ಒಂದು ತಾಸು ಹೊರಗೆ ಆಡಿ ಬರಲಿ. ಆಮೇಲೆ ರಾತ್ರಿ ಊಟಕ್ಕೆ ಮುಂಚೆ ಕೂರಲಿ. ಊಟ ಆದ ಮೇಲೆ ಕೂತ ಮಗು ಹತ್ತು ನಿಮಿಷದಲ್ಲಿ ತೂಕಡಿಸುತ್ತದೆ, ಆಮೇಲೆ ಬೈಗುಳ, ಅಳು. ದಿನವೂ ಒಂದೇ ಹೊತ್ತು ಇರಲಿ. ಗಡಿಯಾರದ ಗಂಟೆ ಬೇಕಿಲ್ಲ, ‘ದೀಪ ಹಚ್ಚಿದ ಮೇಲೆ’ ಅನ್ನುವಂಥ ಗುರುತು ಸಾಕು.

ನಮ್ಮ ಕಡೆಯ ಬೇಸಿಗೆಯಲ್ಲಿ, ಬಿಸಿಲು 40 ಡಿಗ್ರಿ ದಾಟಿದ ದಿನಗಳಲ್ಲಿ, ಸಂಜೆ ತಗಡಿನ ಮನೆಯೊಳಗೆ ಕೂರಿಸಿ ಓದಿಸುವುದು ಆಗದ ಮಾತು. ಆಗ ಬೆಳಿಗ್ಗೆ ಆರಕ್ಕೆ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಕೂತರೆ ಸಂಜೆಯ ಒಂದು ತಾಸಿಗೆ ಸಮ.

ಬೇರೆ ಕೋಣೆ ಬೇಕಿಲ್ಲ, ಟೇಬಲ್ಲೂ ಬೇಕಿಲ್ಲ. ಚಕ್ಕಳಮಕ್ಕಳ ಹಾಕಿ ಕೂತ ಮಗುವಿನ ಎದುರು ಒಂದು ಮಣೆಯೋ ಗಟ್ಟಿ ಪೆಟ್ಟಿಗೆಯೋ ಇದ್ದರೆ ಆಯಿತು. ನೆಲದ ಮೇಲೆ ಬೋರಲು ಮಲಗಿ ಬರೆದರೆ ಅಕ್ಷರ ಕೆಡುತ್ತದೆ, ಕುತ್ತಿಗೆ ನೋಯುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಎಡಚರಾದರೆ ಬಲಗಡೆಯಿಂದ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಬದಲಾಯಿಸುವ ಸಾಹಸ ಬೇಡ. ಕರೆಂಟ್ ಹೋದರೆ ಕತ್ತಲಲ್ಲಿ ಕೂರಿಸುವ ಬದಲು ಚಾರ್ಜರ್ ಲೈಟ್ ಒಂದನ್ನು ಓದಿಗೆಂದೇ ಎತ್ತಿಡಿ. ನಾಲ್ಕು ಬೆರಳ ಅಗಲಕ್ಕಿಂತ ಗಿಡ್ಡಾದ ಪೆನ್ಸಿಲ್ ಎಸೆದುಬಿಡಿ. ಅದರಲ್ಲಿ ಬರೆದರೆ ಬೆರಳು ಬೇಗ ಸೋಲುತ್ತವೆ.

ಟಿವಿ ಬಂದ್ ಇರಬೇಕು. ಮಗುವಿಗೆ ‘ಓದು’ ಎಂದು ಹೇಳಿ ಪಕ್ಕದಲ್ಲೇ ಫೋನಿನಲ್ಲಿ ರೀಲ್ಸ್ ನೋಡುತ್ತ ಕೂತರೆ ಮಗುವಿನ ಕಿವಿ ಪೂರ್ತಿ ಅಲ್ಲೇ ಇರುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕನೇ ತರಗತಿಯ ಹುಡುಗಿ ನೀರು ತಂದು, ಮುಸುರೆ ತಿಕ್ಕಿ, ತಮ್ಮನನ್ನು ಎತ್ತಿಕೊಂಡು, ಎಲ್ಲ ಮುಗಿದ ಮೇಲೆ ಪುಸ್ತಕ ತೆಗೆಯುತ್ತಾಳೆ. ಅದೇ ಮನೆಯ ಹುಡುಗನಿಗೆ ಏಳು ಗಂಟೆಗೇ ಪುಸ್ತಕ ಕೈಗೆ ಬಂದಿರುತ್ತದೆ. ಆಮೇಲೆ ‘ಈಕಿಗೆ ತಲಿಗೆ ಹತ್ತೂದಿಲ್ಲ’ ಅನ್ನುವ ಮಾತು. ಅವಳಿಗೂ ಅದೇ ಅರ್ಧ ಗಂಟೆಯನ್ನು, ಅದೇ ಹೊತ್ತಿಗೆ, ಯಾರೂ ಕರೆಯದಂತೆ ಬಿಟ್ಟುಕೊಡಿ.

ಆ ಅರ್ಧ ಗಂಟೆ ಹೇಗೆ ಸಾಗಬೇಕು

1. ಮಗು ಚೀಲ ಬಿಚ್ಚಿ, ಇವತ್ತು ಏನು ಕೊಟ್ಟಿದ್ದಾರೆ ಅನ್ನುವುದನ್ನು ಬಾಯಲ್ಲಿ ಹೇಳಬೇಕು. ಮನೆಮಾತಿನಲ್ಲೇ ಹೇಳಲಿ, ಕನ್ನಡವೋ ತೆಲುಗೋ ಉರ್ದುವೋ ಲಂಬಾಣಿಯೋ. ಏನು ಮಾಡಬೇಕು ಅನ್ನುವುದೇ ಹೇಳಲು ಬಾರದಿದ್ದರೆ ಅರ್ಧ ಸಮಸ್ಯೆ ಅಲ್ಲಿದೆ: ತರಗತಿಯಲ್ಲಿ ಸೂಚನೆ ಕೇಳಿಸಿಕೊಂಡಿಲ್ಲ, ಇಲ್ಲವೇ ಬರೆದುಕೊಂಡಿಲ್ಲ. ಎರಡು ನಿಮಿಷ ಸಾಕು.

2. ಪುಸ್ತಕ ಮುಚ್ಚಿಸಿ, ‘ಇವತ್ತು ಇದರಾಗ ಏನ್ ಹೇಳ್ಯಾರ, ಹೇಳು ನೋಡೂಣು’ ಎಂದು ಕೇಳಿ. ಮೂರು ನಿಮಿಷ. ತಪ್ಪಾದರೂ ತಡವರಿಸಿದರೂ ನಡುವೆ ಬಾಯಿ ಹಾಕಬೇಡಿ. ಇಡೀ ಹೋಂವರ್ಕಿನಲ್ಲಿ ಇದು ಅತಿ ಬೆಲೆಯುಳ್ಳ ಮೂರು ನಿಮಿಷ. ಕೇಳುವವರಿಗೆ ಅಕ್ಷರ ಬರಬೇಕೆಂದೇನೂ ಇಲ್ಲ.

3. ಕಷ್ಟದ್ದನ್ನು ಮೊದಲು ಮಾಡಲಿ. ಲೆಕ್ಕ ಮೊದಲು, ಬರಹ ಆಮೇಲೆ. ತಲೆ ದಣಿದ ಮೇಲೂ ಬರೆಯಬಹುದು, ಲೆಕ್ಕ ಮಾಡಲಾಗದು.

4. ಸುಮಾರು ಇಪ್ಪತ್ತು ನಿಮಿಷ ಮಗು ಒಂಟಿಯಾಗಿ ಮಾಡಬೇಕು. ನೀವು ಕಣ್ಣಳತೆಯಲ್ಲಿರಿ, ಕೈಯಳತೆಯಲ್ಲಿ ಬೇಡ. ರೊಟ್ಟಿ ಬಡಿಯುತ್ತಲೋ ಅಕ್ಕಿ ಆರಿಸುತ್ತಲೋ ಇರಿ. ಪಕ್ಕಕ್ಕೇ ಕೂತರೆ ಮಗು ಪ್ರತಿ ಸಾಲಿಗೂ ನಿಮ್ಮ ಮುಖ ನೋಡುತ್ತದೆ.

5. ಸಿಕ್ಕಿಹಾಕಿಕೊಂಡರೆ ಉತ್ತರ ಹೇಳಬೇಡಿ. ‘ಇಂಥದ್ದೇ ಸಾಲ್ಯಾಗ ಯಾವುದು ಮಾಡೀರಿ? ಅದನ್ನ ತೆಗಿ’ ಎನ್ನಿ. ಆಗಲೂ ಆಗದಿದ್ದರೆ ಆ ಲೆಕ್ಕದ ಪಕ್ಕದಲ್ಲಿ ಒಂದು ಪ್ರಶ್ನೆಗುರುತು ಹಾಕಿಸಿ ಮುಂದಕ್ಕೆ ಕಳಿಸಿ.

6. ಕೊನೆಯ ಐದು ನಿಮಿಷ ಮಗುವೇ ತನ್ನದನ್ನು ಮತ್ತೆ ಓದಿ ನೋಡಲಿ. ತಾನೇ ಕಂಡ ತಪ್ಪನ್ನು ತಾನೇ ಒಂದು ಗೆರೆ ಎಳೆದು ತಿದ್ದಲಿ. ನೀವು ಕಂಡ ತಪ್ಪನ್ನು ಬಿಟ್ಟುಬಿಡಿ. ಅದು ಶಿಕ್ಷಕರಿಗೆ.

7. ನಾಳೆಯ ಚೀಲವನ್ನು ಮಗುವೇ ತುಂಬಲಿ.

ಅರ್ಧ ಗಂಟೆ ಆಯಿತು, ಇನ್ನೂ ಮುಗಿದಿಲ್ಲ ಅನ್ನಿ. ನಿಲ್ಲಿಸಿ. ಎಲ್ಲಿಗೆ ನಿಂತಿತೋ ಅಲ್ಲಿ ಗೆರೆ ಎಳೆಸಿ. ಒಂದು ಗಂಟೆ, ಒಂದೂವರೆ ಗಂಟೆ ಅಳುತ್ತ ಮುಗಿಸಿದ ಹೋಂವರ್ಕಿನಿಂದ ಮಗುವಿಗೂ ಲಾಭವಿಲ್ಲ, ಶಿಕ್ಷಕರಿಗೂ ಇಲ್ಲ.

ಓದು: ಅಕ್ಷರ ಬಾರದವರೂ ಹಿಡಿಯಬಹುದಾದ ತಪ್ಪುಗಳು

ಒಂದು ಮತ್ತು ಎರಡನೇ ತರಗತಿಯ ಮಕ್ಕಳು ಪಾಠವನ್ನು ಕಂಠಪಾಠ ಮಾಡಿ, ಪುಸ್ತಕ ಎದುರಿಗಿಟ್ಟುಕೊಂಡು ಒಪ್ಪಿಸಿಬಿಡುತ್ತಾರೆ. ಕೇಳುವವರಿಗೆ ಓದುತ್ತಿದೆ ಅನ್ನಿಸುತ್ತದೆ. ಇದನ್ನು ಹಿಡಿಯುವುದು ಸುಲಭ. ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿ. ಹೇಳಿದ ಮೇಲೆ, ಅದೇ ಪದ ಈ ಪುಟದಲ್ಲಿ ಇನ್ನೆಲ್ಲಾದರೂ ಇದೆಯೇ, ಹುಡುಕು ಎನ್ನಿ. ಕೊನೆಯ ಸಾಲನ್ನು ಮೊದಲು ಓದಿಸಿ. ಕಂಠಪಾಠ ಮಾಡಿದ ಮಗು ಮೊದಲ ಸಾಲಿನಿಂದ ಗುನುಗುತ್ತ ಬಂದು ಅಲ್ಲಿಗೆ ತಲುಪಲು ನೋಡುತ್ತದೆ. ಚಿತ್ರವನ್ನು ಕೈಯಿಂದ ಮುಚ್ಚಿ ಓದಿಸಿದರೂ ಗೊತ್ತಾಗುತ್ತದೆ.

ಓದು ಬರುತ್ತಿದ್ದರೂ ಎಡವುವ ಜಾಗಗಳು ಕೆಲವಿವೆ, ಅವು ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಒಂದೇ. ಹ್ರಸ್ವ-ದೀರ್ಘ ಒಂದು: ಕೆರೆ, ಕೇರಿ, ಕೊಡು, ಕೋಡು. ಒತ್ತಕ್ಷರ ಇನ್ನೊಂದು: ಅಕ್ಕ, ಅಣ್ಣ ಬರುತ್ತದೆ, ಪುಸ್ತಕ, ರಕ್ತ ಬಂದಾಗ ನಿಲ್ಲುತ್ತದೆ, ಯಾಕೆಂದರೆ ಕೆಳಗಿನ ಅಕ್ಷರ ಮೇಲಿನದಕ್ಕಿಂತ ಬೇರೆ. ಎಲ್ಲಕ್ಕಿಂತ ಕಷ್ಟ ಅರ್ಕಾವೊತ್ತು. ಸೂರ್ಯ, ಕರ್ಪೂರ, ವರ್ಷ. ಇವುಗಳಲ್ಲಿ ರಕಾರ ಮೊದಲು ಉಚ್ಚಾರವಾಗುತ್ತದೆ, ಆದರೆ ಅದರ ಗುರುತನ್ನು ಅಕ್ಷರದ ಆಚೆಗೆ ಬರೆಯುತ್ತೇವೆ. ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿ ‘ಸೂಯರ’ ಅನ್ನುತ್ತದೆ. ಇದು ದಡ್ಡತನ ಅಲ್ಲ. ಇಂಥ ಎಂಟು ಪದಗಳನ್ನು ಪಾಟಿಯ ಮೇಲೆ ಬರೆದು ದಿನಕ್ಕೆ ಎರಡು ನಿಮಿಷದಂತೆ ಒಂದು ವಾರ ಓದಿಸಿದರೆ ಸರಿಯಾಗುತ್ತದೆ. ಒಂದೇ ದಿನ ಐವತ್ತು ಸಲ ಬರೆಸಿದರೆ ಆಗುವುದಿಲ್ಲ.

ಪುಸ್ತಕದ ಕನ್ನಡ ನಮ್ಮ ಮನೆಗಳ ಕನ್ನಡ ಅಲ್ಲ. ‘ಹುಡುಗನು ಬರುತ್ತಿದ್ದಾನೆ’ ಎಂದು ಓದಿದ ಮಗು ಅರ್ಥ ಕೇಳಿದರೆ ‘ಹುಡುಗ ಬರಾಕತ್ಯಾನ’ ಎನ್ನುತ್ತದೆ. ಅದೇ ಸರಿಯಾದ ಉತ್ತರ. ಅದಕ್ಕೆ ಅರ್ಥ ಆಗಿದೆ. ‘ಶುದ್ಧ ಮಾತಾಡು’ ಎಂದು ಅಲ್ಲಿ ತಡೆದರೆ ಮಗು ಅರ್ಥ ಹೇಳುವುದನ್ನೇ ಬಿಟ್ಟು ಪುಸ್ತಕದ ಸಾಲನ್ನೇ ಗಿಣಿಯಂತೆ ಒಪ್ಪಿಸಲು ಶುರುಮಾಡುತ್ತದೆ. ಬರೆಯುವಾಗ ಪುಸ್ತಕದ ರೂಪ ಇರಲಿ, ಹೇಳುವಾಗ ಮನೆಯದು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇದು ಇನ್ನೂ ಮುಖ್ಯ. ಪಾಠದ ಕಥೆ ಏನು ಅನ್ನುವುದನ್ನು ಮೊದಲು ಮನೆಮಾತಿನಲ್ಲಿ ಹೇಳಿಸಿ. ಅದು ಬಾರದೆ ಇಂಗ್ಲಿಷಿನ ಪ್ರಶ್ನೋತ್ತರ ಬರೆದರೆ ಬರೀ ಚಿತ್ರ ಬಿಡಿಸಿದಂತೆ.

ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಲಿ. ಓದಿದ ಮೇಲೆ ಮೂರು ಪ್ರಶ್ನೆ: ಯಾರು? ಯಾಕೆ ಹಾಗೆ ಮಾಡಿದರು? ಮುಂದೆ ಏನಾಗಬಹುದು? ಅಜ್ಜಿ ಕೇಳಿದರೆ ಇನ್ನೂ ಒಳ್ಳೆಯದು. ಅಜ್ಜಿಗೆ ನಿಜವಾಗಿಯೂ ಕಥೆ ಗೊತ್ತಿರುವುದಿಲ್ಲ, ಹಾಗಾಗಿ ಮಗು ಬಿಡಿಸಿ ಹೇಳುತ್ತದೆ.

ಉಕ್ತಲೇಖನಕ್ಕೆ ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಫೋನಿನ ವಾಯ್ಸ್ ರೆಕಾರ್ಡರ್ ಬಳಸಿ. ಮಗುವೇ ಪುಸ್ತಕ ನೋಡಿ ಎಂಟು ಪದ ಓದಿ ರೆಕಾರ್ಡ್ ಮಾಡಲಿ, ಒಂದೊಂದು ಪದದ ನಡುವೆ ಮನಸ್ಸಿನಲ್ಲಿ ಹತ್ತು ಎಣಿಸಲಿ. ಮರುದಿನ ಅದನ್ನು ಹಾಕಿಕೊಂಡು ಬರೆಯಲಿ, ಆಮೇಲೆ ಪುಸ್ತಕ ತೆಗೆದು ತಾನೇ ತಾಳೆ ನೋಡಲಿ. ಅದೇ ದಿನ ಬೇಡ. ಒಂದು ರಾತ್ರಿ ಕಳೆದ ಮೇಲೆ ಉಳಿದದ್ದೇ ನಿಜವಾಗಿ ಉಳಿದದ್ದು.

ಲೆಕ್ಕ

ಮಗ್ಗಿಯನ್ನು ರಾಗವಾಗಿ ಹೇಳುವ ಮಗುವನ್ನು ‘ಏಳೆಂಟ್ಲಿ ಎಷ್ಟು’ ಎಂದು ಕೇಳಿದರೆ ಏಳೊಂದ್ಲಿ ಏಳರಿಂದ ಶುರುಮಾಡುತ್ತದೆ. ಕ್ರಮ ಬರುತ್ತದೆ, ಮಗ್ಗಿ ಬರುವುದಿಲ್ಲ. ಗುಣಾಕಾರ, ಭಾಗಾಕಾರಕ್ಕೆ ಬೇಕಾದದ್ದು ನಡುವಿನಿಂದ ಕೇಳಿದರೂ ಹೊಳೆಯುವ ಉತ್ತರ. ಕಲಿಸುವ ಕ್ರಮ ಹೀಗಿರಲಿ: ಮೊದಲು 2, 5, 10, ಆಮೇಲೆ 4 (ಎರಡರ ಮಗ್ಗಿಯ ದುಪ್ಪಟ್ಟು), 3, 9, ಆಮೇಲೆ 6×6, 7×7, 8×8. ಆರೇಳ್ಲಿ ಮತ್ತು ಏಳಾರ್ಲಿ ಒಂದೇ ಎಂದು ಮಗುವಿಗೆ ಕಂಡರೆ, ಹತ್ತರವರೆಗಿನ ಮಗ್ಗಿಯಲ್ಲಿ ಉಳಿಯುವುದು ಮೂರೇ ಮೂರು: 6×7=42, 6×8=48, 7×8=56. ಇಷ್ಟೇ ಉಳಿದಿದೆ ಎಂದು ತಿಳಿದಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು. ಈ ಮೂರನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ.

ಇನ್ನು ಕಳೆಯುವ ಲೆಕ್ಕ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ 7ರಲ್ಲೇ 2 ಕಳೆದು 5 ಬರೆದರು, 5ರಲ್ಲಿ 2 ಹೋಗಿ 3. ‘ಪಕ್ಕದ ಮನೆಯಿಂದ ಒಂದು ಕಡ ತಗೋ’ ಎಂದು ನೂರು ಸಲ ಹೇಳಿದರೂ ಇದು ಹೋಗುವುದಿಲ್ಲ. ಆ ‘ಒಂದು’ ಯಾಕೆ ಹತ್ತಾಯಿತು ಅನ್ನುವುದು ಮಗುವಿಗೆ ಕಂಡಿಲ್ಲ.

ಕಣ್ಣಿಗೆ ಕಾಣಿಸಿ. ಕಡ್ಡಿಪೆಟ್ಟಿಗೆಯ ಕಡ್ಡಿಗಳ ಮದ್ದನ್ನು ನೀವೇ ಮುರಿದು ತೆಗೆದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಎದುರಿಗಿಡಿ. ‘ನನಗ 27 ಕಡ್ಡಿ ಕೊಡು’ ಎನ್ನಿ. ಮಗು ಎರಡು ಕಟ್ಟು ಕೊಡುತ್ತದೆ, ಬಿಡಿ ಏಳು ಕೊಡಲು ಹೋಗಿ ನಿಲ್ಲುತ್ತದೆ, ಎರಡೇ ಇವೆ. ಸುಮ್ಮನಿರಿ. ಹೆಚ್ಚಿನ ಮಕ್ಕಳು ಸ್ವಲ್ಪ ಹೊತ್ತಿಗೆ ತಾವೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತಾರೆ. ಈಗ ಬಿಡಿ 12. ಅದರಲ್ಲಿ ಏಳು ಕೊಟ್ಟರೆ ಐದು ಬಿಡಿ, ಎರಡು ಕಟ್ಟು ಉಳಿಯಿತು: 25. ಇದನ್ನು ನಾಲ್ಕೈದು ದಿನ ಕಡ್ಡಿಯಲ್ಲಿ ಮಾಡಿ, ಜೊತೆಜೊತೆಗೇ ನೋಟ್‌ಬುಕ್ಕಿನಲ್ಲಿ ಬರೆಸಿ. ಕಟ್ಟು ಬಿಚ್ಚಿದ ಕ್ಷಣದಲ್ಲೇ 5ನ್ನು ಹೊಡೆದು 4 ಮಾಡಬೇಕು, 2ರ ಪಕ್ಕ 12 ಬರೆಯಬೇಕು. ಕಡ್ಡಿಯ ಆಟ ಬೇರೆ, ನೋಟ್‌ಬುಕ್ಕಿನ ಲೆಕ್ಕ ಬೇರೆ ಎಂದಾದರೆ ಉಪಯೋಗವಿಲ್ಲ.

ಕೂಡುವಾಗ 47+38ಕ್ಕೆ 715 ಎಂದು ಬರೆಯುವುದೂ ಇದೇ ರೋಗ. ಅಲ್ಲಿ ಹದಿನೈದು ಬಿಡಿ ಕಡ್ಡಿಯಲ್ಲಿ ಹತ್ತನ್ನು ಕಟ್ಟಬೇಕು. 300ರಲ್ಲಿ 148 ಕಳೆಯುವಂಥದ್ದು ಬಂದಾಗ ಎರಡು ಸೊನ್ನೆ ಕಂಡು ಹೆದರುವ ಮಗುವಿಗೆ ಹತ್ತು ಕಟ್ಟುಗಳ ಒಂದು ದೊಡ್ಡ ಕಟ್ಟು ಮಾಡಿ ತೋರಿಸಿದರೆ ಸಾಕು.

ಹೇಳಿಕೆ ಲೆಕ್ಕಗಳಿಗೆ ಸಂತೆಗಿಂತ ಒಳ್ಳೆಯ ಪುಸ್ತಕವಿಲ್ಲ. ಒಣಮೆಣಸಿನಕಾಯಿ ಕೆಜಿಗೆ 240 ರೂಪಾಯಿ ಆದರೆ ಕಾಲು ಕೆಜಿಗೆ ಎಷ್ಟು? 200 ರೂಪಾಯಿ ನೋಟು ಕೊಟ್ಟರೆ ವಾಪಸ್ ಎಷ್ಟು? ಐದನೇ ತರಗತಿಗೆ: 25 ಕೆಜಿ ಸೋನಾಮಸೂರಿ ಚೀಲ 1,400 ಆದರೆ ಕೆಜಿಗೆ ಎಷ್ಟು ಬಿತ್ತು, ಬಿಡಿಯಾಗಿ 60ರಂತೆ ಕೊಂಡರೆ ಚೀಲದ ಮೇಲೆ ಎಷ್ಟು ನಷ್ಟ? ಚಿಲ್ಲರೆ ಎಣಿಸುವ ಕೆಲಸ ಮಗುವಿಗೇ ಕೊಡಿ.

ಪ್ರಶ್ನೋತ್ತರ, ಪ್ರಾಜೆಕ್ಟ್, ಟ್ಯೂಷನ್

ಗೈಡ್ ನೋಡಿ, ಇಲ್ಲವೇ ಫೋನಿನಲ್ಲಿ ಹುಡುಕಿ ಬರೆದ ಉತ್ತರ ನೋಡಲು ಚೆಂದ. ಅದಕ್ಕಿಂತ ಮಗು ಪಾಠ ಓದಿ, ಪುಸ್ತಕ ಮುಚ್ಚಿ, ತನ್ನ ಎರಡು ಸಾಲು ಬರೆದರೆ ಮೇಲು. ಕಾಗುಣಿತ ತಪ್ಪಿದ್ದರೂ ಇರಲಿ.

ಪ್ರಾಜೆಕ್ಟ್ ಅಂದ ಕೂಡಲೇ ಝೆರಾಕ್ಸ್ ಅಂಗಡಿಗೆ ಓಡಿ ಬಣ್ಣದ ಪ್ರಿಂಟ್ ತೆಗೆಸಿ ಅಂಟಿಸುವುದು ಈಗ ವಾಡಿಕೆ. ದುಡ್ಡು ಅಪ್ಪನದು, ಕತ್ತರಿ ಅಕ್ಕನದು, ಹೆಸರು ಮಾತ್ರ ಮಗುವಿನದು. ‘ನಮ್ಮ ಬೆಳೆಗಳು’ ಎಂದರೆ ಭತ್ತ, ಜೋಳ, ಹತ್ತಿ, ತೊಗರಿ, ಸಜ್ಜೆ, ಮೆಣಸಿನಕಾಯಿಯ ಬೀಜಗಳನ್ನು ರಟ್ಟಿಗೆ ಅಂಟಿಸಿ, ಯಾವುದಕ್ಕೆ ಕಾಲುವೆ ನೀರು ಬೇಕು, ಯಾವುದು ಮಳೆಯ ಮೇಲೆ ಬರುತ್ತದೆ ಎಂದು ಹೊಲದಿಂದ ಬಂದವರನ್ನು ಕೇಳಿ ಬರೆಯಲಿ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಮಕ್ಕಳಿಗೆ ತುಂಗಭದ್ರೆಯ ಕಾಲುವೆಯೇ ಒಂದು ಪಾಠ. ಕೊಪ್ಪಳದ ಕಡೆಯವರಿಗೆ ಕಿನ್ನಾಳದ ಗೊಂಬೆ ಹತ್ತಿರದಲ್ಲೇ ಇದೆ.

ಟ್ಯೂಷನ್ನಿಗೆ ಕಳಿಸುವುದಾದರೆ ಒಂದು ಮಾತು ಖಚಿತವಾಗಿ ಹೇಳಿಬಿಡಿ: ‘ಹೋಂವರ್ಕ್ ಮುಗಿಸಿಕೊಡೂದು ಬ್ಯಾಡ್ರಿ, ಎಲ್ಲಿ ತಿಳಿದಿಲ್ಲ ಅದನ್ನ ಕಲಿಸ್ರಿ.’ ಶಾಲೆ, ಟ್ಯೂಷನ್, ಮತ್ತೆ ಮನೆ ಎಂದು ಮೂರು ಸಲ ಅದೇ ಪಾಠ ಬರೆಯುವ ಮಗುವಿಗೆ ಆಟದ ಹೊತ್ತೇ ಉಳಿಯುವುದಿಲ್ಲ.

ಶಿಕ್ಷಕರಿಗೆ ಏನು ತಿಳಿಸಬೇಕು

ನೋಟ್‌ಬುಕ್ಕಿನ ಅಂಚಿನಲ್ಲಿ ಮೂರು ಗುರುತು ರೂಢಿ ಮಾಡಿ. ತಾನೇ ಮಾಡಿದ್ದಕ್ಕೆ ಚುಕ್ಕೆ, ಯಾರಾದರೂ ಹೇಳಿಕೊಟ್ಟದ್ದಕ್ಕೆ ಸೊನ್ನೆ, ತಿಳಿಯದ್ದಕ್ಕೆ ಪ್ರಶ್ನೆಗುರುತು. ಮಗುವೇ ಹಾಕಲಿ. ಈ ಗುರುತಿನ ಅರ್ಥವನ್ನು ಅಕ್ಕೋರಿಗೋ ಸರ್‌ಗೋ ಒಮ್ಮೆ ಹೇಳಿಬಿಟ್ಟರೆ ಆಯಿತು. ಬರೆಯಬಲ್ಲವರು ಒಂದು ಸಾಲು ಬರೆಯಿರಿ: ‘ಅರ್ಧ ಗಂಟೆ ಕೂತಿದ್ದಾಳೆ. 4ನೇ ಲೆಕ್ಕದಿಂದ ಆಗಲಿಲ್ಲ. ನಾವು ಹೇಳಿಕೊಟ್ಟಿಲ್ಲ.’ ಬರೆಯಲು ಬಾರದವರು ಶಾಲೆಗೆ ಹೋದಾಗ ಬಾಯಲ್ಲೇ ಹೇಳಿ. ಬರೀ ‘ಹೆಂಗ್ ಓದ್ತಾನ್ರಿ ನಮ್ಮ ಹುಡುಗ’ ಎಂದರೆ ‘ಚಲೋ ಓದ್ತಾನ’ ಎನ್ನುವ ಉತ್ತರವಷ್ಟೇ ಬರುತ್ತದೆ. ಈ ಪುಟ ಓದಿಸಿ ತೋರಿಸ್ರಿ, ಈ ಲೆಕ್ಕ ಮಾಡಿಸಿ ತೋರಿಸ್ರಿ ಎಂದು ಕೇಳಿ.

‘ಹೊಡೀರಿ ಸರ್, ನಮ್ಮದೇನೂ ಅಭ್ಯಂತರ ಇಲ್ಲ’ ಎಂದು ಹೇಳುವುದನ್ನು ದಯವಿಟ್ಟು ಬಿಡಿ. ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ನೋವಾಗುವಂತೆ ಅವಮಾನಿಸುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ನಿಮ್ಮ ಒಪ್ಪಿಗೆಯಿಂದ ಅದು ಸರಿಯಾಗುವುದಿಲ್ಲ. ಹೆದರಿದ ಮಗು ಬೆಳಿಗ್ಗೆ ಗೆಳೆಯನ ನೋಟ್‌ಬುಕ್ಕಿನಿಂದ ನಕಲು ಮಾಡಲು ಕಲಿಯುತ್ತದೆ, ಇಲ್ಲವೇ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತದೆ.

ಸುಗ್ಗಿ ಮತ್ತು ಗುಳೆ

ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಮಕ್ಕಳು ಶಾಲೆ ತಪ್ಪಿಸುತ್ತಾರೆ. ತಪ್ಪಿಸಬಾರದು, ಆದರೂ ತಪ್ಪಿದರೆ, ವಾಪಸ್ ಬಂದ ಮೇಲೆ ಇಪ್ಪತ್ತು ದಿನದ ನೋಟ್ಸನ್ನೆಲ್ಲ ನಕಲು ಮಾಡಿಸುತ್ತ ಕೂರಬೇಡಿ. ಲೆಕ್ಕದಲ್ಲಿ ಯಾವ ಹೊಸ ಬಗೆ ಕಲಿಸಿದ್ದಾರೆ, ಭಾಷೆಯಲ್ಲಿ ಯಾವ ಪಾಠ ಆಗಿದೆ, ಇವೆರಡನ್ನು ಕೇಳಿಕೊಂಡು ಅಷ್ಟನ್ನೇ ದಿನಕ್ಕೆ ಅರ್ಧ ಗಂಟೆಯಂತೆ ಹಿಡಿಯಿರಿ.

ಗುಳೆ ಹೋಗುವಾಗ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಸಾಧ್ಯವಾದರೆ ಅದೇ ಒಳ್ಳೆಯದು. ಸಂಜೆ ಫೋನ್ ಮಾಡಿದಾಗ ‘ಹೋಂವರ್ಕ್ ಮಾಡೀಯಿಲ್ಲೋ’ ಎಂದು ಬೆದರಿಸುವ ಬದಲು ‘ಇವತ್ತು ಓದಿದ್ದು ಐದು ಸಾಲು ಫೋನಿನಾಗ ಓದು’ ಎನ್ನಿ. ಬೆಂಗಳೂರಿಗೋ ಗೋವಾಕ್ಕೋ ಕರೆದುಕೊಂಡೇ ಹೋಗಬೇಕಾದರೆ ಭಾಷೆ ಮತ್ತು ಗಣಿತದ ಪುಸ್ತಕ, ಒಂದು ಪಾಟಿ ಗಂಟಿನಲ್ಲಿರಲಿ. ಹೋದ ಊರಿನ ಸರ್ಕಾರಿ ಶಾಲೆಯಲ್ಲಿ ವರ್ಷದ ನಡುವೆಯೂ ಸೇರಿಸಬಹುದು. ಹಳೆಯ ಶಾಲೆಯ ಮುಖ್ಯಗುರುಗಳು ಕೂಡಲೇ ಟಿಸಿ ಕೊಡಬೇಕು, ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಇದೆ.

ಇಷ್ಟಾದರೂ ಆಗದಿದ್ದರೆ

ಮಗು ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುತ್ತದೆಯೇ? ಬೋರ್ಡಿನಿಂದ ಇಳಿಸಿಕೊಂಡದ್ದರಲ್ಲಿ ಮಾತ್ರ ತಪ್ಪು ಹೆಚ್ಚೇ? ಓದುವಾಗ ಕಣ್ಣು ಕಿರಿದು ಮಾಡುತ್ತದೆಯೇ, ಸಾಲು ತಪ್ಪಿಸುತ್ತದೆಯೇ? ಹಾಗಿದ್ದರೆ ಮೊದಲು ಕಣ್ಣು ತೋರಿಸಿ. ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗದಿದ್ದರೆ, ಮೇಲಿಂದ ಮೇಲೆ ಕಿವಿ ಸೋರುತ್ತಿದ್ದರೆ ಕಿವಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಮಗು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಿ, ನೀವು ಗಮನಿಸಿದ್ದನ್ನು ಶಿಕ್ಷಕರ ಮೂಲಕ ಮೊದಲೇ ತಿಳಿಸಿಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಕಣ್ಣು, ಕಿವಿ ಸರಿಯಿದ್ದು, ಮಾತಿನಲ್ಲಿ ಚುರುಕಿದ್ದು, ಮೂರನೇ ತರಗತಿ ಮುಗಿಯುವ ಹೊತ್ತಿಗೂ ಅಕ್ಷರಗಳು ತಿರುಗಾಮುರುಗಾ ಆಗುತ್ತಿದ್ದರೆ, ನಿನ್ನೆ ಓದಿದ ಪದ ಇವತ್ತು ಹೊಸದೆಂಬಂತೆ ಕಾಣುತ್ತಿದ್ದರೆ ಕಲಿಕೆಯ ನ್ಯೂನತೆ ಇರಬಹುದು. ಹೋಂವರ್ಕ್ ಹೆಚ್ಚು ಮಾಡಿಸಿದರೆ ಅದು ವಾಸಿಯಾಗುವುದಿಲ್ಲ. ಮಕ್ಕಳ ತಜ್ಞರಿಗೆ ತೋರಿಸುವಾಗ ಅಳಿಸದ, ತಿದ್ದದ ಎರಡು ತಿಂಗಳ ನೋಟ್‌ಬುಕ್ಕುಗಳನ್ನು ಜೊತೆಗೆ ಒಯ್ಯಿರಿ. ತೊಂದರೆ ಎಲ್ಲಿದೆ ಎಂದು ತಿಳಿಯಲು ವೈದ್ಯರಿಗೆ ಅವು ನೆರವಾಗುತ್ತವೆ.